ಅಗ್ಗದ ಹಲ್ಲು, ಒಳ್ಳೆಯ ಹಲ್ಲು
(ಪೋತ್ತನೂರಿನಲ್ಲಿ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡ ಪಂಡಿತನೊಬ್ಬನನ್ನು ನಿಲ್ಲಿಸಿದರೆ ಅವನು ಪಂಪನಿಂದ ತೊಡಗಿ ಮುದ್ದಣನವರೆಗೆ ಬಂದು, ಗಡಿನಾಡಿನ ಕನ್ನಡದ ಸ್ಥಿತಿಗಾಗಿ ನಾಲ್ಕು ಮಾತು ಮರುಗಿ ಕುಳಿತುಕೊಳ್ಳುವನೆಂದು ತಾವೆಲ್ಲರೂ ನಿರೀಕ್ಷಿಸಿರಬಹುದು. ಕಾರ್ಯದರ್ಶಿಗಳೂ ಹಾಗೆಯೇ ಎಣಿಸಿದ್ದರೆಂದು ತೋರುತ್ತದೆ. ಈ ಸಲ ಹಲ್ಲಿನ ವಿಚಾರವಾಗಿ ಮಾತನಾಡುತ್ತೇನೆಂದು ನಾನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ದಂತ್ಯಾಕ್ಷರಗಳ ವಿಚಾರವೊ?” ಎಂದು ಕೇಳಿದರು. ಅಲ್ಲ, ಬಾಯಲ್ಲಿರುವ ಹಲ್ಲಿನ ವಿಚಾರವೇ. ಆದರೆ ಅವರ ಪ್ರಶ್ನೆಯೂ ತೀರ ಅಪ್ರಸ್ತುತವಾದುದಲ್ಲ. ಮುಂಬಾಯಿಯ ಹಲ್ಲುಗಳು ಹೋದ ವೃದ್ಧರು ತವರ್ಗವನ್ನೂ ಲಕಾರ ಸಕಾರಗಳನ್ನೂ ಉಚ್ಚರಿಸುವಾಗ ಪಡುವ ಪಾಡನ್ನು ಕಂಡವರಿಗೆ, ವ್ಯಾಕರಣವು ಈ ಅಕ್ಷರಗಳಿಗೆ ಆ ಹೆಸರನ್ನೇಕೆ ಇಟ್ಟಿತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ನಮ್ಮ ನೆರೆಯ ತಮಿಳರು ‘ಪಲ್ ಪೋನಾಲ್ ಸೊಲ್ ಪೋಚ್ಚು’ ಎಂದು ಗಾದೆ ಕಟ್ಟಿದ್ದಾರೆ. ಹಲ್ಲು ಹೋದರೆ ಸೊಲ್ಲೂ ಹೋಯಿತು ಎಂದು ಅರ್ಥ. ಹಳಗನ್ನಡದ ‘ಪಲ್’ ನಮ್ಮ ಬಾಯಲ್ಲಿ ‘ಹಲ್ಲು’ ಆಗಿ ಎಷ್ಟೋ ಶತಮಾನಗಳು ಕಳೆದವು. ಈ ಊರಿನ ಬೀದಿಯಲ್ಲಿ ಅದು ಇನ್ನೂ ‘ಪಲ್’ ಆಗಿಯೇ ಇದೆ. ಅದಿರಲಿ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮನೆಗಳ ಮಕ್ಕಳು ಇಂದು ಕಡಲಾಚೆ ಇದ್ದಾರೆ. ಮಗ್ಗದ ಮನೆಯವರಾಗಲಿ, ರೈಲ್ವೆಯ ಮನೆಯವರಾಗಲಿ, ಅಂಗಡಿಯ ಮನೆಯವರಾಗಲಿ, ಒಬ್ಬ ಮಗನೋ ಮಗಳೋ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಷಾರ್ಜಾದಲ್ಲಿ, ಸಿಂಗಪುರದಲ್ಲಿ. ದೀಪಾವಳಿ ಕಳೆಯುತ್ತಲೂ ಅಲ್ಲಿಂದ ದೂರವಾಣಿ ಬರುತ್ತದೆ: “ಅಪ್ಪಾ, ಡಿಸೆಂಬರಿನಲ್ಲಿ ಬರುತ್ತೇನೆ, ಮೂರು ವಾರ ರಜೆ. ಹಲ್ಲಿನ ಕೆಲಸವನ್ನೂ ಅಲ್ಲಿಯೇ ಮುಗಿಸಿಕೊಂಡು ಹೋಗುತ್ತೇನೆ. ಇಲ್ಲಿ ಬಾಯಿ ತೆರೆದರೆ ಸಾವಿರ ಡಾಲರು. ಎಷ್ಟಾಗುತ್ತದೆಂದು ನಾಲ್ಕು ಕಡೆ ಕೇಳಿಡಿ.” ತಂದೆಯವರು ಸಾಯಂಕಾಲ ನಡೆಯಲು ಹೊರಟಾಗ ದಾರಿಯ ಮೇಲಿನ ಮೂರು ನಾಲ್ಕು ಕ್ಲಿನಿಕ್ಕುಗಳಿಗೆ ಹೋಗಿ, ಎಷ್ಟು ಎಂದು ಕೇಳಿ, ಚೀಟಿಯ ಮೇಲೆ ಬರೆದುಕೊಂಡು ಬರುತ್ತಾರೆ. ಯಾರು ಕಡಮೆ ಹೇಳಿದರೋ ಅವರಲ್ಲಿ ದಿನ ಗೊತ್ತಾಗುತ್ತದೆ. ಮಗನ ದವಡೆಯ ಮೇಲೆ ಇಪ್ಪತ್ತು ಮೂವತ್ತು ವರ್ಷ ಉಳಿಯಬೇಕಾದ ಒಂದು ನಿರ್ಣಯವನ್ನು, ತೆಂಗಿನಕಾಯಿ ಕೊಳ್ಳುವಾಗ ತೋರುವಷ್ಟು ವಿಚಾರಣೆಯನ್ನೂ ಮಾಡದೆ, ಹೀಗೆ ತೀರ್ಮಾನಿಸುತ್ತೇವೆ. ತೆಂಗಿನಕಾಯಿಯನ್ನಾದರೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತೇವೆ.

ಪರದೇಶದಲ್ಲಿ ಚಿಕಿತ್ಸೆ ಎಂದಾಗ ನಮಗೆ ಹೊಳೆಯುವುದು, ನಾವು ಇಲ್ಲಿಂದ ಹಡಗನ್ನೋ ವಿಮಾನವನ್ನೋ ಹತ್ತಿ ಹೋಗುವ ಚಿತ್ರ. ಆದರೆ ನಮ್ಮ ಮಕ್ಕಳ ಪಾಲಿಗೆ ಈಗ ಪರದೇಶವೆಂದರೆ ಈ ಪೋತ್ತನೂರೇ. ಅವರು ದುಡಿಯುವುದು, ತೆರಿಗೆ ತೆರುವುದು, ನಾಳೆ ಹಲ್ಲು ನೋಯುವುದು ಎಲ್ಲವೂ ಅಲ್ಲಿ; ಹಲ್ಲು ಕಟ್ಟಿಸುವುದು ಮಾತ್ರ ಇಲ್ಲಿ. ಗಡಿಯನ್ನು ದಾಟಿ ವೈದ್ಯನಲ್ಲಿಗೆ ಹೋಗುವುದು ಗಡಿನಾಡಿನವರಾದ ನಮಗೆ ಹೊಸತೇನೂ ಅಲ್ಲ. ೧೯೫೬ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಕೊಯಮುತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. ಇಂದಿಗೂ ತಾಳವಾಡಿಯ ಕನ್ನಡಿಗನಿಗೆ ನೋವಾದರೆ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಬರುವುದಕ್ಕಿಂತ ಚಾಮರಾಜನಗರಕ್ಕೆ ಹೋಗುವುದು ಸುಲಭ. ಕಾಸರಗೋಡಿನವರು ಮಂಗಳೂರಿಗೆ ಹೋಗುತ್ತಾರೆ. ಪಾಲಕ್ಕಾಡಿನವರು ವಾಳಯಾರನ್ನು ದಾಟಿ ಕೊಯಮುತ್ತೂರಿಗೆ ಬರುತ್ತಾರೆ. ಅವರನ್ನು ನಮ್ಮ ನಿಲ್ದಾಣದಲ್ಲಿ ದಿನವೂ ಕಾಣುತ್ತೇವೆ.

ಜಗತ್ತಿನ ಇತರ ಗಡಿಗಳಲ್ಲಿಯೂ ಇದೇ ಬಗೆಯ ವ್ಯವಹಾರ ಬೆಳೆದಿದೆ. ಹಂಗರಿ ದೇಶದಲ್ಲಿ ಆಸ್ಟ್ರಿಯದ ಗಡಿಗೆ ಸಮೀಪವಾಗಿ ಮೊಸೊನ್‌ಮಾಗ್ಯಾರೋವಾರ್ ಎಂಬ ಊರಿದೆ. ಹೆಸರನ್ನು ಉಚ್ಚರಿಸಲು ಎಲ್ಲ ಹಲ್ಲುಗಳೂ ಬೇಕು! ಆ ಸಣ್ಣ ಊರಿನ ಬೀದಿಗಳಲ್ಲಿ ದಂತಚಿಕಿತ್ಸಾಲಯಗಳು ಸಾಲುಗಟ್ಟಿವೆ. ಬರುವವರು ಆಸ್ಟ್ರಿಯದವರು, ಜರ್ಮನಿಯವರು, ಸ್ವಿಟ್ಸರ್ಲೆಂಡಿನವರು. ಮೆಕ್ಸಿಕೋದಲ್ಲಿ ಅಮೆರಿಕದ ಗಡಿಗೆ ಅಂಟಿಕೊಂಡಿರುವ ಲಾಸ್ ಆಲ್ಗೊಡೋನೆಸ್ ಎಂಬ ಊರಿನಲ್ಲಿ ದಂತವೈದ್ಯರು ನೂರಾರು ಮಂದಿ. ಅದಕ್ಕೆ ‘ದವಡೆಹಲ್ಲಿನ ಪಟ್ಟಣ’ವೆಂದೇ ಅಡ್ಡಹೆಸರು. ಅಮೆರಿಕದ ವೃದ್ಧರು ಕಾರನ್ನು ಗಡಿಯ ಈಚೆ ನಿಲ್ಲಿಸಿ, ನಡೆದು ಗಡಿ ದಾಟಿ, ಹಲ್ಲು ಕಟ್ಟಿಸಿಕೊಂಡು, ಸಂಜೆಗೆ ಹಿಂದಿರುಗುತ್ತಾರೆ. ಹಲ್ಲು ಮರುದಿನ ನೋಯತೊಡಗಿದರೆ ಮತ್ತೆ ನಡೆದು ಹೋಗಬಹುದು. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲವೆಂಬುದನ್ನು ತಾವು ಇಲ್ಲಿಯೇ ಗಮನದಲ್ಲಿ ಇಟ್ಟುಕೊಳ್ಳಬೇಕು.

ಶ್ರೀಮಂತ ದೇಶಗಳಲ್ಲಿ ಹಲ್ಲಿಗೆ ಇಷ್ಟೊಂದು ವೆಚ್ಚವೇಕೆ? ಅಲ್ಲಿನ ಸರ್ಕಾರಗಳು ದೇಹದ ಇತರ ಭಾಗಗಳಿಗೆ ತೋರಿದ ಕರುಣೆಯನ್ನು ಹಲ್ಲಿಗೆ ತೋರಲಿಲ್ಲ. ಅಮೆರಿಕದಲ್ಲಿ ೧೯೬೫ರಲ್ಲಿ ವೃದ್ಧರಿಗಾಗಿ ಮೆಡಿಕೇರ್ ಎಂಬ ವಿಮೆಯನ್ನು ತಂದಾಗ ಸಾಮಾನ್ಯ ದಂತಚಿಕಿತ್ಸೆಯನ್ನು ಶಾಸನದಲ್ಲಿಯೇ ಹೊರಗಿಟ್ಟರು. ಆಸ್ಟ್ರೇಲಿಯದ ಮೆಡಿಕೇರ್ ಕೂಡ ವಯಸ್ಕರ ಸಾಮಾನ್ಯ ದಂತಚಿಕಿತ್ಸೆಯ ವೆಚ್ಚವನ್ನು ಹೊರುವುದಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಹಲ್ಲಿಗೆ ಮೂರು ದರ್ಜೆಯ ಶುಲ್ಕಗಳಿವೆ. ಕ್ಯಾಪು, ಬ್ರಿಜ್ಜು, ಕಟ್ಟುಹಲ್ಲುಗಳೆಲ್ಲ ಸೇರುವ ಮೂರನೆಯ ದರ್ಜೆಯ ಶುಲ್ಕ ೨೦೨೫ರ ಏಪ್ರಿಲಿನಿಂದ ೩೨೬ ಪೌಂಡು ೭೦ ಪೆನ್ಸ್ ಎಂದು ಗೊತ್ತಾಯಿತು. ಆ ಒಂದು ಶುಲ್ಕದಲ್ಲಿ ಒಂದು ಸರದಿಯ ಚಿಕಿತ್ಸೆ ಪೂರ್ತಿ ಸೇರುತ್ತದೆ. ಕ್ಯಾಪು ಒಂದಾದರೂ ಮೂರಾದರೂ ಅಷ್ಟೆ. ಆದ್ದರಿಂದ ಆ ಸೇವೆಯ ವೈದ್ಯರೊಬ್ಬರು ಸಿಕ್ಕಿರುವ ಮಗಳು ಕ್ಯಾಪು ಹಾಕಿಸಿಕೊಳ್ಳಲೆಂದೇ ಇಲ್ಲಿಗೆ ಓಡಿಬರುವುದು ಲೆಕ್ಕಕ್ಕೆ ಒಗ್ಗದ ಮಾತು. ಹಾಗೆ ವೈದ್ಯರು ಸಿಕ್ಕುವುದೇ ಅಲ್ಲಿ ದುರ್ಲಭವಾಗಿದೆ ಎಂಬುದು ಬೇರೆ ಸಂಗತಿ. ಇಂಪ್ಲಾಂಟು ಆ ಸೇವೆಯಲ್ಲಿ ಸಾಮಾನ್ಯವಾಗಿ ದೊರೆಯುವುದೂ ಇಲ್ಲ.

ಇಂಪ್ಲಾಂಟು ಎಂದರೆ ಬಿದ್ದುಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಟೈಟೇನಿಯಂ ಲೋಹದ ತಿರುಪೊಂದನ್ನು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವುದು. ಅಮೆರಿಕದಲ್ಲಿ ಇಂತಹ ಒಂದು ಹಲ್ಲಿಗೆ, ಮೇಲಿನ ಕ್ಯಾಪೂ ಸೇರಿ, ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಡಾಲರು ಬೀಳುತ್ತದೆ. ರೂಪಾಯಿಯಲ್ಲಿ ಎಣಿಸಿದರೆ ಎರಡೂವರೆ ಲಕ್ಷಕ್ಕೆ ಕಡಮೆಯಿಲ್ಲ. ನಮ್ಮ ಕಡೆ ಮೂವತ್ತರಿಂದ ಅರವತ್ತು ಸಾವಿರದೊಳಗೆ ಆಗುತ್ತದೆ. ಹೀಗೆ ಐದು ಆರು ಪಾಲು ವ್ಯತ್ಯಾಸವಿರುವಾಗ ಮಕ್ಕಳು ಇಲ್ಲಿಗೆ ಬರುವುದನ್ನು ಜಿಪುಣತನವೆಂದು ಯಾರೂ ಹಳಿಯಲಾಗದು.

ಅಗ್ಗವಾದುದೆಲ್ಲ ಕೀಳು ಎಂದು ತಿಳಿಯುವ ಭ್ರಮೆಯೂ ನಮ್ಮಲ್ಲಿ ಉಂಟು. ಸಿಂಗಪುರದಿಂದ ಬಂದ ಸೊಸೆಯು ಇಲ್ಲಿನ ವೈದ್ಯರನ್ನು ಕಂಡು ಮೂಗು ಮುರಿಯುವುದುಂಟು. ಅದು ಸರಿಯಲ್ಲ. ಇಲ್ಲಿನ ವೆಚ್ಚ ಕಡಮೆಯಾಗಿರುವುದಕ್ಕೆ ಮುಖ್ಯ ಕಾರಣ ಇಲ್ಲಿನ ಬಾಡಿಗೆ ಕಡಮೆ, ಸಹಾಯಕರ ಸಂಬಳ ಕಡಮೆ, ಹಲ್ಲು ತಯಾರಿಸುವ ಕಾರ್ಯಾಗಾರದ ಕೂಲಿ ಕಡಮೆ. ಅಮೆರಿಕದ ವೈದ್ಯರು ಓದಿಗಾಗಿ ಮಾಡಿದ ಭಾರಿ ಸಾಲವನ್ನೂ ಮೊಕದ್ದಮೆಯ ಭಯಕ್ಕಾಗಿ ಕಟ್ಟುವ ವಿಮೆಯನ್ನೂ ರೋಗಿಯಿಂದಲೇ ವಸೂಲು ಮಾಡಬೇಕು, ಇಲ್ಲಿ ಆ ಹೊರೆ ಹಗುರ. ವಿದ್ಯೆಯಲ್ಲಿ ನಾವು ಹಿಂದೆ ಇಲ್ಲ. ಕಲ್ಕತ್ತೆಯಲ್ಲಿ ಡಾಕ್ಟರ್ ರಫೀದ್ದೀನ್ ಅಹಮದರು ದಂತವೈದ್ಯ ಕಾಲೇಜನ್ನು ತೆರೆದದ್ದು ೧೯೨೦ರಲ್ಲಿ. ದಂತವೈದ್ಯರ ಶಾಸನವಾದುದು ೧೯೪೮ರಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೂ ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಹುಟ್ಟಿದವು. ಅಲ್ಲಿ ಓದಿದವರು ಇಂದು ಜಗತ್ತಿನ ನಾನಾ ದೇಶಗಳಲ್ಲಿ ವೃತ್ತಿ ನಡೆಸುತ್ತಿದ್ದಾರೆ. ಬಾಡಿಗೆಯಿಂದ, ಕೂಲಿಯಿಂದ ಹುಟ್ಟಿದ ಅಗ್ಗವು ನಿರ್ದೋಷವಾದ ಅಗ್ಗ. ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಆದರೆ ಇನ್ನೊಂದು ಬಗೆಯ ಅಗ್ಗವಿದೆ. ನಾಲ್ಕು ಕ್ಲಿನಿಕ್ಕುಗಳೂ ಒಂದೇ ಊರಿನಲ್ಲಿದ್ದು, ಬಾಡಿಗೆ ಕೂಲಿಗಳು ಹೆಚ್ಚುಕಡಮೆ ಒಂದೇ ಆಗಿದ್ದು, ಒಬ್ಬರು ಐವತ್ತು ಸಾವಿರವೆಂದು ಹೇಳಿದ್ದನ್ನು ಇನ್ನೊಬ್ಬರು ಹದಿನೈದು ಸಾವಿರಕ್ಕೆ ಮಾಡುತ್ತೇನೆಂದರೆ, ಉಳಿದ ಮೂವತ್ತೈದು ಸಾವಿರ ಎಲ್ಲಿಂದ ಉಳಿಯಿತೆಂದು ಕೇಳುವುದು ತಂದೆಯ ಕರ್ತವ್ಯ. ಅದು ವೈದ್ಯರ ಲಾಭದಿಂದ ಕಳೆದದ್ದಾದರೆ ಅವರಿಗೆ ನಮಸ್ಕಾರ. ತಿರುಪಿನ ಗುಣದಿಂದ ಕಳೆದದ್ದೋ, ಎಕ್ಸ್‌ರೇ ತೆಗೆಯದೆ ಉಳಿಸಿದ್ದೋ, ಉಪಕರಣಗಳನ್ನು ಬೇಯಿಸದೆ ಉಳಿಸಿದ್ದೋ ಆದರೆ ಆ ಅಗ್ಗದ ಬೆಲೆಯನ್ನು ದೇಹವು ತೆರಬೇಕಾಗುತ್ತದೆ.

ಬೇಯಿಸುವುದು ಎಂದೆ. ಬಾಯೊಳಗೆ ಹೋಗಿ ರಕ್ತವನ್ನು ಮುಟ್ಟಿದ ಪ್ರತಿಯೊಂದು ಉಪಕರಣವನ್ನೂ ಆಟೋಕ್ಲೇವ್ ಎಂಬ ಉಗಿಪಾತ್ರೆಯಲ್ಲಿ, ಒತ್ತಡದ ಉಗಿಯಿಂದ, ೧೨೧ ಡಿಗ್ರಿ ಶಾಖದಲ್ಲಿ ೧೫ ನಿಮಿಷವಾದರೂ ಇಡಬೇಕು. ೧೩೪ ಡಿಗ್ರಿಯಾದರೆ ಮೂರು ನಿಮಿಷ ಸಾಕು. ಬರಿಯ ಕುದಿನೀರು ಸಾಲದು, ಸ್ಪಿರಿಟ್ಟಿನಲ್ಲಿ ಒರೆಸುವುದಂತೂ ಏನೇನೂ ಸಾಲದು. ಇದು ಪುಸ್ತಕದ ಮಾತೆಂದು ತಿಳಿಯಬೇಡಿ. ೨೦೨೨-೨೩ರಲ್ಲಿ ನಮ್ಮ ತಮಿಳುನಾಡಿನ ಉತ್ತರ ಭಾಗದಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗ ಇಪ್ಪತ್ತೊಂದು ಜನರ ಮೆದುಳಿಗೆ ತಾಗಿತು. ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರೂ ಇತರ ಸಂಸ್ಥೆಗಳವರೂ ಕೂಡಿ ಜಾಡು ಹಿಡಿದು ನೋಡಿದಾಗ ಅವರಲ್ಲಿ ಹತ್ತು ಮಂದಿ ವಾಣಿಯಂಬಾಡಿಯ ಒಂದೇ ದಂತಚಿಕಿತ್ಸಾಲಯಕ್ಕೆ ಹೋಗಿದ್ದವರೆಂದು ತಿಳಿಯಿತು. ಆ ಹತ್ತರಲ್ಲಿ ಎಂಟು ಮಂದಿ ತೀರಿಕೊಂಡರು. ಕಾರಣವೇನು? ಬಾಯಿ ತೊಳೆಯುವ ಉಪ್ಪುನೀರಿನ ಬಾಟಲಿಯನ್ನು ಶುದ್ಧವಲ್ಲದ ಉಪಕರಣದಿಂದ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಅದನ್ನೇ ಮತ್ತೆ ಮತ್ತೆ ಬಳಸಿದ್ದು. ಈ ಅಧ್ಯಯನ ೨೦೨೫ರಲ್ಲಿ ಪ್ರಕಟವಾಯಿತು. ಒಂದು ಬಾಟಲಿ ಉಪ್ಪುನೀರಿಗೆ ಎಷ್ಟು ರೂಪಾಯಿ? ವಾಣಿಯಂಬಾಡಿಯು ದೂರದ ಊರೂ ಅಲ್ಲ. ಮದರಾಸಿಗೆ ಹೋಗುವಾಗ ಜೋಲಾರ್‌ಪೇಟೆ ಕಳೆದ ಮೇಲೆ ನಮ್ಮ ಕಿಟಕಿಯಾಚೆ ಹಾದುಹೋಗುವ ಊರು.

ಉಗಿಪಾತ್ರೆಯನ್ನು ತೋರಿಸಿ ಎಂದು ಕೇಳಲು ನಮಗೆ ಸಂಕೋಚ. ವೈದ್ಯೋ ನಾರಾಯಣೋ ಹರಿಃ ಎಂದು ಬೆಳೆದವರು ನಾವು. ಆದರೆ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ. ಮುಚ್ಚಿದ ಲಕೋಟೆಯಲ್ಲಿರುವ ಉಪಕರಣವನ್ನು ತಮ್ಮ ಎದುರಿಗೇ ಹರಿದು ತೆಗೆಯುತ್ತಾರೆ. ಮುನಿದವರಿದ್ದರೆ ಉತ್ತರ ಸಿಕ್ಕಿತೆಂದೇ ತಿಳಿದು ಎದ್ದು ಬರಬಹುದು.

ಇನ್ನು ಕಾಲದ ವಿಚಾರ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು, ಹಣಕ್ಕಿಂತಲೂ ಮುಖ್ಯ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ೧೯೫೨ರ ಸುಮಾರಿಗೆ ಮೊಲದ ಮೂಳೆಯಲ್ಲಿ ರಕ್ತದ ಹರಿವನ್ನು ನೋಡಲೆಂದು ಟೈಟೇನಿಯಂ ಲೋಹದ ಸಣ್ಣ ಉಪಕರಣವನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ. ಮೂಳೆಯು ಲೋಹವನ್ನು ತನ್ನದೆಂದು ಅಪ್ಪಿಕೊಂಡಿತ್ತು. ಈ ಅಪ್ಪುಗೆಯೇ ಇಂಪ್ಲಾಂಟಿನ ರಹಸ್ಯ. ೧೯೬೫ರಲ್ಲಿ ಅವರು ಗೋಥೆನ್‌ಬರ್ಗಿನಲ್ಲಿ ಮೊದಲ ರೋಗಿಯ ದವಡೆಯಲ್ಲಿ ಇಂತಹ ತಿರುಪುಗಳನ್ನು ಕೂರಿಸಿದರು; ಆ ಮನುಷ್ಯ ನಲವತ್ತು ವರ್ಷಕ್ಕೂ ಮಿಕ್ಕಿ, ಸಾಯುವವರೆಗೆ, ಅದೇ ಹಲ್ಲುಗಳಿಂದ ಉಂಡನು. ಆದರೆ ಅಪ್ಪಿಕೊಳ್ಳಲು ಮೂಳೆಗೆ ಬಿಡುವು ಬೇಕು. ಕೆಳದವಡೆಗೆ ಮೂರು ತಿಂಗಳು, ಮೇಲಿನದಕ್ಕೆ ಆರು ತಿಂಗಳು ಎಂಬುದು ಬ್ರೋನೆಮಾರ್ಕರು ಹಾಕಿಕೊಟ್ಟ ಕ್ರಮ. ಈಗಿನ ತಿರುಪುಗಳಿಂದ ಆ ಅವಧಿ ಕೊಂಚ ತಗ್ಗಿದೆ. ಕೆಲವರಿಗೆ, ಮೂಳೆ ಗಟ್ಟಿಯಾಗಿದ್ದರೆ, ಕೂಡಲೆ ಹಲ್ಲು ಕೂರಿಸುವುದೂ ಉಂಟು. ಎಲ್ಲರಿಗೂ ಅದು ಸಲ್ಲದು. ಮಗನಿಗೆ ಇರುವುದು ಮೂರು ವಾರದ ರಜೆ. ಅದರಲ್ಲಿ ಪಳನಿಗೊಂದು ದಿನ, ಧರ್ಮಸ್ಥಳಕ್ಕೆ ಮೂರು ದಿನ, ಸೋದರತ್ತೆಯ ಮಗಳ ಮದುವೆಗೆ ಎರಡು ದಿನ. ಮೂಳೆಯು ನಮ್ಮ ರಜೆಯ ಅರ್ಜಿಯನ್ನು ಓದುವುದಿಲ್ಲ.

ಎಲ್ಲ ಚಿಕಿತ್ಸೆಗೂ ಇಷ್ಟು ಕಾಲ ಬೇಡ. ಹುಳುಕು ಕೊರೆದು ತುಂಬುವುದು ಒಂದು ಗಳಿಗೆಯ ಕೆಲಸ. ಬೇರಿನ ಚಿಕಿತ್ಸೆ, ಎಂದರೆ ರೂಟ್ ಕೆನಾಲ್, ಒಂದರಿಂದ ಮೂರು ಸಲ ಕುಳಿತರೆ ಮುಗಿಯುತ್ತದೆ. ಮೇಲೆ ಕ್ಯಾಪು ಬರಲು ಒಂದು ವಾರ. ಇವನ್ನು ರಜೆಯ ಮೊದಲನೆಯ ದಿನವೇ ಆರಂಭಿಸಿದರೆ ಇಲ್ಲಿಯೇ ನಿಶ್ಚಿಂತೆಯಾಗಿ ಮುಗಿಸಬಹುದು, ಕೊನೆಯ ವಾರವನ್ನು ಪರೀಕ್ಷೆಗೆಂದು ಬಿಡಬಹುದು. ಆದರೆ ನಡೆಯುವುದೇನು? ಮದುವೆ ಯಾತ್ರೆಗಳೆಲ್ಲ ಮುಗಿದ ಮೇಲೆ, ವಿಮಾನ ಹತ್ತಲು ಐದು ದಿನವಿರುವಾಗ, ಹಲ್ಲಿನ ನೆನಪಾಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇನೆ. ಅಮೆರಿಕದಲ್ಲಿರುವ ಮಗನಿಗೆ ಒಂದೇ ಹಲ್ಲು ಬೇಕಾಗಿದೆ. ಅಲ್ಲಿ ಮೂರೂವರೆ ಲಕ್ಷ, ಇಲ್ಲಿ ಐವತ್ತು ಸಾವಿರ. ಉಳಿತಾಯ ಮೂರು ಲಕ್ಷವೆಂದು ಕಾಣುತ್ತದೆ. ತಿರುಪು ಕೂರಿಸಲು ಒಮ್ಮೆ ಹೇಗೂ ಬರುತ್ತಾನೆ. ಕ್ಯಾಪಿಗಾಗಿ ಇನ್ನೊಮ್ಮೆ ಬರಬೇಕು. ಹೋಗಿಬರುವ ವಿಮಾನದ ಟಿಕೆಟ್ಟು ಲಕ್ಷದ ಮೇಲೆ. ಸಂಬಳವಿಲ್ಲದ ರಜೆಯ ನಷ್ಟ ಬೇರೆ. ಉಳಿದದ್ದು ಅಲ್ಪ. ಮುಂದಿನ ವರ್ಷ ಹೇಗೂ ಊರಿಗೆ ಬರುವವನಾದರೆ ಕ್ಯಾಪನ್ನು ಅಲ್ಲಿಯವರೆಗೆ ತಡೆದಿಟ್ಟು ಎರಡು ರಜೆಗಳಲ್ಲಿ ಮಾಡಿಸಿಕೊಳ್ಳಬಹುದು. ಆಗ ಲೆಕ್ಕ ಗಿಟ್ಟುತ್ತದೆ. ಐದು ಆರು ಹಲ್ಲುಗಳು ಬೇಕಾದವರಿಗೆ ಪ್ರತ್ಯೇಕವಾಗಿ ಎರಡು ಸಲ ಬಂದರೂ ಗಿಟ್ಟುತ್ತದೆ. ಒಂದು ಹಲ್ಲಿನ ಹುಳುಕಿಗಾಗಿ ಒಂದು ವರ್ಷ ನೋವು ನುಂಗಿಕೊಂಡು ಡಿಸೆಂಬರನ್ನು ಕಾಯುವವರಿಗೆ ಮಾತ್ರ ಎಂದೂ ಗಿಟ್ಟುವುದಿಲ್ಲ. ಅಷ್ಟು ಹೊತ್ತಿಗೆ ತುಂಬಿದರೆ ಸಾಕಾಗಿದ್ದ ಹಲ್ಲು ಬೇರಿನ ಚಿಕಿತ್ಸೆಗೂ, ಬೇರಿನ ಚಿಕಿತ್ಸೆಗೆ ಬಗ್ಗುತ್ತಿದ್ದ ಹಲ್ಲು ಕೀಳುವ ಸ್ಥಿತಿಗೂ ಬಂದಿರುತ್ತದೆ.

ಕ್ಯಾಪಿಗೆಂದು ಮತ್ತೆ ಬರುತ್ತೇನೆಂದು ಹೊರಟವರೆಲ್ಲರಿಗೂ ಬರುವುದು ಸಾಧ್ಯವಾಗುತ್ತದೆಂಬ ಭರವಸೆಯೂ ಇಲ್ಲ. ೨೦೨೦ರ ಮಾರ್ಚಿಯಲ್ಲಿ ನಿಂತ ಸಾಮಾನ್ಯ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಹಿಂದಿನಂತೆ ಹಾರತೊಡಗಿದ್ದು ೨೦೨೨ರ ಮಾರ್ಚ್ ೨೭ರಂದು. ನಡುವೆ ವಿಶೇಷ ವಿಮಾನಗಳಿದ್ದುವು ನಿಜ; ಹಲ್ಲಿಗಾಗಿ ಅವನ್ನು ಯಾರು ಹತ್ತಿದರು? ವಿಮಾನದ ಮಾತು ಬಿಡಿ. ಅದೇ ಮಾರ್ಚಿಯ ಕೊನೆಯಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ, ಕಾಸರಗೋಡಿನ ನಮ್ಮವರಿಗೆ ದಿನನಿತ್ಯ ಹೋಗಿಬರುತ್ತಿದ್ದ ಮಂಗಳೂರು ಒಂದೇ ರಾತ್ರಿಯಲ್ಲಿ ಪರದೇಶವಾಯಿತು. ಚಿಕಿತ್ಸೆ ದೊರೆಯದೆ ಕೆಲವರು ಪ್ರಾಣ ಬಿಟ್ಟರು. ಏಪ್ರಿಲ್ ಮೊದಲ ವಾರದಲ್ಲಿ ಕೇರಳದ ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳವರೆಗೆ ಹೋಗಿ ರೋಗಿಗಳಿಗೆ ದಾರಿಯಾಯಿತು. ಗಡಿಯಾಚೆಯ ವೈದ್ಯನನ್ನು ನಂಬಿ ಬದುಕುವುದೆಂದರೆ ಏನೆಂಬುದನ್ನು ಅವರಿಂದ ಕೇಳಬೇಕು.

ಹೋದ ಮೇಲೆ ತೊಂದರೆಯಾದರೆ ಯಾರು ನೋಡುತ್ತಾರೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಈ ಕಡೆಯ ಒಂದು ಊರಿನಲ್ಲಿ ಇಂಪ್ಲಾಂಟು ಹಾಕಿಸಿಕೊಂಡು ಹೋದನು. ಮೇಲಿನ ಹಲ್ಲು ಸಡಿಲವಾಯಿತು. ಅಲ್ಲಿನ ವೈದ್ಯರು, “ತಿರುಪು ಗಟ್ಟಿಯಾಗಿಯೇ ಇದೆ, ಬಿಗಿ ಮಾಡಿಕೊಡಬಹುದು, ಆದರೆ ಇದು ಯಾವ ಕಂಪೆನಿಯದು?” ಎಂದು ಕೇಳಿದರು. ಅವನಿಗೆ ಗೊತ್ತಿಲ್ಲ. ಒಂದೊಂದು ಕಂಪೆನಿಯ ತಿರುಪಿಗೂ ಅದರದೇ ಬೀಗ, ಅದರದೇ ಕೀಲಿಕೈ. ಒಂದರ ಕೈ ಇನ್ನೊಂದಕ್ಕೆ ಹೊಂದದು. ಇಲ್ಲಿಗೆ ದೂರವಾಣಿ ಮಾಡಿದರೆ ಆ ಕ್ಲಿನಿಕ್ಕು ಕೈ ಬದಲಾಯಿಸಿತ್ತು, ಹಳೆಯ ದಾಖಲೆ ಇರಲಿಲ್ಲ. ಹುಡುಗ ಗಟ್ಟಿಯಾಗಿದ್ದ ತಿರುಪನ್ನೇ ತೆಗೆಸಿ ಹೊಸದನ್ನು ಹಾಕಿಸಿಕೊಳ್ಳಬೇಕಾಯಿತು, ಅಲ್ಲಿಯ ದರದಲ್ಲಿ. ಸ್ವಿಟ್ಸರ್ಲೆಂಡಿನ ಸ್ಟ್ರೌಮನ್, ಸ್ವೀಡನ್ನಿನಲ್ಲಿ ಹುಟ್ಟಿದ ನೋಬೆಲ್ ಬಯೋಕೇರ್, ಕೊರಿಯದ ಆಸ್‌ಸ್ಟೆಮ್ ಮೊದಲಾದವು ನಾನಾ ದೇಶಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿಯೂ ಬೆಲೆಯ ಅಂತರ ಸಾಕಷ್ಟಿದೆ, ಅತಿ ದುಬಾರಿಯದೇ ಆಗಬೇಕೆಂದಿಲ್ಲ. ಮಗ ಇರುವ ಊರಿನಲ್ಲಿ ಅದರ ಬಿಡಿಭಾಗ ಸಿಕ್ಕುವಂತಿರಬೇಕು ಎಂಬುದೇ ಆಯ್ಕೆಯ ಸೂತ್ರ. ತಿರುಪಿನ ಪೆಟ್ಟಿಗೆಯ ಮೇಲೆ ಕಂಪೆನಿಯ ಹೆಸರು, ಅಳತೆ, ತಯಾರಿಕೆಯ ಸಂಖ್ಯೆಗಳನ್ನು ಮುದ್ರಿಸಿದ ಅಂಟುಚೀಟಿ ಇರುತ್ತದೆ. ಅದನ್ನು ಕೇಳಿ ತೆಗೆದುಕೊಂಡು, ಎಕ್ಸ್‌ರೇಗಳ ಜೊತೆಗೆ, ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಡಬೇಕು.

ರಸೀತಿಯನ್ನೂ ಇಡಬೇಕು. ರಸೀತಿ ಬೇಡವೆಂದರೆ ಸಾವಿರ ಕಡಮೆ ಮಾಡುತ್ತೇವೆ ಎಂಬ ಮಾತು ಕೇಳಿಬಂದರೆ ಒಪ್ಪಬೇಡಿ. ಹಣ ಪಡೆದು ಮಾಡುವ ಚಿಕಿತ್ಸೆಯೂ ಗ್ರಾಹಕ ರಕ್ಷಣೆಯ ಶಾಸನಕ್ಕೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಶಾಂತಾ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ೨೦೧೯ರ ಹೊಸ ಶಾಸನದಲ್ಲಿಯೂ ದೂರು ಕೊಡಲು ಎರಡು ವರ್ಷದ ಗಡುವು. ರಜೆಗೆ ಎರಡು ವರ್ಷಕ್ಕೊಮ್ಮೆ ಬರುವವನಿಗೆ ಈ ಗಡುವು ಎಷ್ಟು ಬೇಗ ತೀರುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಅಗ್ಗದ ಇನ್ನೊಂದು ಅಪಾಯವೆಂದರೆ ಬೇಡದ್ದನ್ನೂ ಮಾಡಿಸಿಕೊಳ್ಳುವ ಆಸೆ. ಇಂಗ್ಲೆಂಡಿನ ತರುಣರು ಟರ್ಕಿ ದೇಶಕ್ಕೆ ಹೋಗಿ, ಚಿತ್ರನಟರಂತೆ ನಗಬೇಕೆಂದು, ಗಟ್ಟಿಯಾದ ಹಲ್ಲುಗಳನ್ನು ಗೂಟಗಳಂತೆ ಅರೆಸಿ ಮೇಲೆ ಬೆಳ್ಳಗಿನ ಕ್ಯಾಪುಗಳನ್ನು ಹಾಕಿಸಿಕೊಂಡು ಬರುವ ಹುಚ್ಚು ಈಚೆಗೆ ಹಬ್ಬಿದೆ. ಅಲ್ಲಿನ ದಂತವೈದ್ಯರ ಸಂಘವು ಅದರ ವಿರುದ್ಧ ಎಚ್ಚರಿಕೆ ಕೊಡುತ್ತಲೇ ಬಂದಿದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಕ್ಯಾಪುಗಳು ಹತ್ತು ಹದಿನೈದು ವರ್ಷಕ್ಕೆ ಬದಲಾಗಬೇಕು. ನಮ್ಮಲ್ಲಿಯೂ ಮದುವೆಗೆ ಮುಂಚೆ ಹಲ್ಲು ಸಾಲು ಮಾಡಿಸುವ ಆತುರದಲ್ಲಿ ಇಂತಹವು ತಲೆದೋರುತ್ತಿವೆ. ಬ್ರಿಜ್ಜಿನಲ್ಲಿಯೂ ಇದೇ ಪ್ರಶ್ನೆ ಬರುತ್ತದೆ: ಹೋದ ಒಂದು ಹಲ್ಲಿಗಾಗಿ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕು. ಬೇಗ ಆಗುತ್ತದೆ, ವೆಚ್ಚ ಕಡಮೆ, ರಜೆಯೊಳಗೆ ಮುಗಿಯುತ್ತದೆ. ಐವತ್ತೈದರವರಿಗೆ, ಪಕ್ಕದ ಹಲ್ಲುಗಳು ಮೊದಲೇ ತುಂಬಿಸಿಕೊಂಡವಾಗಿದ್ದರೆ, ಬ್ರಿಜ್ಜೇ ಮೇಲು. ಇಪ್ಪತ್ತೈದರವನಿಗೆ, ಪಕ್ಕದ ಹಲ್ಲುಗಳು ಮುತ್ತಿನಂತಿದ್ದರೆ, ನಾನಾದರೆ ಬೇಡವೆನ್ನುತ್ತೇನೆ. ಜಾಗವನ್ನು ಖಾಲಿ ಬಿಟ್ಟು, ತೆಗೆದು ಹಾಕುವ ಹಲ್ಲೊಂದನ್ನು ಇಟ್ಟುಕೊಂಡು, ಪೂರ್ಣ ಚಿಕಿತ್ಸೆಗೆ ಬಿಡುವು ಸಿಗುವವರೆಗೆ ಕಾಯಲಿ.

ಇನ್ನು ಮಕ್ಕಳ ಮನೆಗೆ ಹೋಗುವ ನಾವು. ಬಾಣಂತನಕ್ಕೆಂದು ಆರು ತಿಂಗಳು ಹೋಗುವ ತಾಯಂದಿರೇ ನಮ್ಮಲ್ಲಿ ಹೆಚ್ಚು. ಪ್ರಯಾಣದ ವಿಮೆಯಲ್ಲಿ ಹಲ್ಲಿಗೆ ಸಾಮಾನ್ಯವಾಗಿ ತುರ್ತಿನ ನೋವಿಗಷ್ಟೇ ಅವಕಾಶ, ಅದೂ ಸಣ್ಣ ಮಿತಿಯಲ್ಲಿ. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಬಾಯಿ ತೋರಿಸಿ, ಹುಳುಕು ತುಂಬಿಸಿ, ಅಲ್ಲಾಡುವುದನ್ನು ಕೀಳಿಸಿ ಹೋಗುವುದು ಲೇಸು. ಹಲ್ಲಿನ ವೈದ್ಯರಿಗೆ ತಮ್ಮ ಎಲ್ಲ ಮಾತ್ರೆಗಳನ್ನೂ ತೋರಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಒಸಡೂ ಮೂಳೆಯೂ ಮಾಯುವುದಿಲ್ಲ. ರಕ್ತ ತಿಳಿಯಾಗಿಸುವ ಮಾತ್ರೆಯಿದ್ದರೆ ಕಿತ್ತ ಜಾಗದಲ್ಲಿ ರಕ್ತ ನಿಲ್ಲುವುದು ತಡ, ಆದರೆ ಅದನ್ನು ತಾವಾಗಿ ನಿಲ್ಲಿಸಲೂ ಬಾರದು. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ತೆಗೆದುಕೊಂಡವರ ಹಲ್ಲನ್ನು ಕಿತ್ತರೆ ಅಪರೂಪಕ್ಕೆ ದವಡೆಯ ಮೂಳೆಯೇ ಕೊಳೆಯುವುದುಂಟು. ನಮ್ಮ ತಾಯಂದಿರು “ಮಂಡಿನೋವಿಗೆ ಒಂದು ಇಂಜೆಕ್ಷನ್ನು” ಎಂದು ಹೇಳಿ ಸುಮ್ಮನಾಗುತ್ತಾರೆ. ಯಾವ ಇಂಜೆಕ್ಷನ್ನೆಂದು ಚೀಟಿ ತೋರಿಸಬೇಕು.

ಕಡಲಾಚೆ ಮಕ್ಕಳಿಲ್ಲದ ಮನೆಗಳೂ ನಮ್ಮಲ್ಲಿವೆ. ಅವರಿಗೆ ಐವತ್ತು ಸಾವಿರವೇ ಆಕಾಶ. ‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ಅವರಿಗೆ ಪೂರ್ತಿಯಾಗಿ ಒಗ್ಗುವುದೂ ಇಲ್ಲ. ಎರಡೂ ಇಲ್ಲದ ಕಾಲವೇ ಹೆಚ್ಚು. ಕರ್ನಾಟಕ ಸರ್ಕಾರವು ೨೦೧೪ರ ಸುಮಾರಿಗೆ ‘ದಂತಭಾಗ್ಯ’ವೆಂಬ ಯೋಜನೆಯನ್ನು ತಂದು, ಬಡ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಕಟ್ಟುಹಲ್ಲಿನ ಸೆಟ್ಟನ್ನು ಉಚಿತವಾಗಿ ಕೊಡಿಸಿತು. ಅದು ಆ ರಾಜ್ಯದ ಪಡಿತರ ಚೀಟಿಯವರಿಗೆ. ನಮ್ಮ ನಾಲಗೆ ಕನ್ನಡದ್ದಾದರೂ ಚೀಟಿ ತಮಿಳುನಾಡಿನದು. ಚೀಟಿ ಯಾವ ರಾಜ್ಯದ್ದೋ ಸೌಲಭ್ಯವೂ ಅಲ್ಲಿಯದೇ. ಅದಕ್ಕಾಗಿ ಮರುಗಿ ಕೂರುವುದು ಬೇಡ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ದಂತವೈದ್ಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಿನ ಕೆಳಗೆ ಅಲ್ಪ ಶುಲ್ಕಕ್ಕೆ ಕೆಲಸ ಮಾಡುತ್ತಾರೆ. ಕಾಯಬೇಕು, ಐದಾರು ಸಲ ಹೋಗಬೇಕು. ಆದರೆ ಬೀದಿಯಲ್ಲಿ ಅರ್ಧ ಬೆಲೆಗೆ ಸೆಟ್ಟು ಕೂರಿಸುವ ನೋಂದಣಿಯಿಲ್ಲದವರಿಗಿಂತ ಅಲ್ಲಿಯ ಹಲ್ಲು ಒಸಡಿಗೆ ಚೆನ್ನಾಗಿ ಕೂರುತ್ತದೆ. ಅಲ್ಲಿನ ಅರ್ಜಿಗಳೆಲ್ಲ ತಮಿಳು ಇಂಗ್ಲಿಷುಗಳಲ್ಲಿರುತ್ತವೆ. ವಯಸ್ಸಾದವರ ಜೊತೆಗೆ ಸಂಘದ ತರುಣರೊಬ್ಬರು ಹೋದರೆ ಸಾಕು, ದೊಡ್ಡ ಉಪಕಾರ.

ಕಾರ್ಯದರ್ಶಿಗಳ ಅಪ್ಪಣೆ ಪಡೆದು ಒಂದು ಹಾಳೆಯನ್ನು ಸಿದ್ಧಪಡಿಸಿದ್ದೇನೆ. ವೈದ್ಯರ ನೋಂದಣಿ ಸಂಖ್ಯೆ, ಚಿಕಿತ್ಸೆಯ ಕ್ರಮ ಮತ್ತು ಒಟ್ಟು ವೆಚ್ಚ ಬರಹದಲ್ಲಿ, ಉಗಿಪಾತ್ರೆ, ತಿರುಪಿನ ಅಂಟುಚೀಟಿ, ಎಷ್ಟು ಸಲ ಬರಬೇಕು, ತೊಂದರೆಯಾದರೆ ಯಾರನ್ನು ಕೇಳಬೇಕು, ಇಷ್ಟನ್ನು ಕೇಳಿ ತುಂಬಿಸಿಕೊಳ್ಳುವಂತೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದಿದೆ. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಡಿಸೆಂಬರಿಗೆ ಮಕ್ಕಳು ಬರುವವರಿದ್ದರೆ ಒಂದೊಂದನ್ನು ತೆಗೆದುಕೊಂಡು ಹೋಗಬಹುದು. ಹಾಗೆಯೇ ಈಗಾಗಲೇ ಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ಅನುಭವವನ್ನು ಅದೇ ಹಾಳೆಯಲ್ಲಿ ಬರೆದುಕೊಟ್ಟರೆ ಸಂಘದ ವಾಚನಾಲಯದಲ್ಲಿ ಕಡತ ಮಾಡಿ ಇಡಬಹುದು. ಮುಂದಿನ ವರ್ಷ ಬೇರೆಯವರಿಗೆ ದಾರಿಯಾದೀತು.